ಲಾಂಡ್ರಿ ಬಾಗಿಲಲ್ಲಿ ನಿಂತ ಮೇಷ್ಟ್ರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯ ಬಾಗಿಲಲ್ಲಿ ಮೇಷ್ಟ್ರು ಎರಡೂ ಕೈಯಲ್ಲಿ ಟ್ಯಾಬ್ ಅವುಚಿಕೊಂಡು ನಿಂತಿದ್ದಾರೆ. ಎದುರಿಗೆ ಕೈ ಚಾಚಿಕೊಂಡು ಹೊಸ ಸೂಪರ್‌ವೈಸರ್.

"ಕೊಡು ಇಲ್ಲಿ. ಮೊಬೈಲು-ಗಿಬೈಲು ಒಳಗೆ ತರೋ ಹಾಗಿಲ್ಲ ಅಂತ ಎಷ್ಟು ಸಲ ಹೇಳ್ಬೇಕು? ಲಾಕರ್‌ನಲ್ಲಿಟ್ಟು ಬಾ. ಇಲ್ಲಾಂದ್ರೆ ಮನೆಗೆ ಹೋಗು, ನಾಳೆಯಿಂದ ಬರೋದೇ ಬೇಡ."

ಮೇಷ್ಟ್ರು ಅಲುಗಾಡುವುದಿಲ್ಲ. ಗಂಟಲಿನಿಂದ ಒಂದು ಸದ್ದು ಮಾತ್ರ ಹೊರಡುತ್ತದೆ.

ಇವರು ಪಾಠ ಹೇಳುವ ಮೇಷ್ಟ್ರಲ್ಲ. ಇಪ್ಪತ್ತೇಳರ ಹರೆಯದ ಲಾಂಡ್ರಿ ಕೆಲಸಗಾರ. ಮಡಿಕೆ ಒಂಚೂರು ಓರೆಯಾದರೂ ಬೆಡ್‌ಶೀಟನ್ನು ವಾಪಸ್ ತಳ್ಳುತ್ತಾರೆಂದು ಜೊತೆಯವರು ಇಟ್ಟ ಹೆಸರು ಅದು. ಆಟಿಸಂ ಇದೆ, ಬಾಯಲ್ಲಿ ಮಾತು ಬರುವುದಿಲ್ಲ. ಟ್ಯಾಬಿನಲ್ಲಿ ತೋರುಬೆರಳಿನಿಂದ ಒಂದೊಂದೇ ಅಕ್ಷರ ತಾವೇ ಒತ್ತುತ್ತಾರೆ, ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಮಾತು ಬಾರದವರಿಗೆ ಬುದ್ಧಿಯೂ ಇಲ್ಲ ಎಂದುಕೊಳ್ಳುವ ಜಾಣರಿಗೇನು ಬರವೇ? ಶಾಲೆಯವರು ಹಾಗೆಂದುಕೊಂಡೇ ಮನೆಗೆ ಕಳಿಸಿದ್ದರು. ಹದಿಮೂರು ತುಂಬುವವರೆಗೆ ಮಗನಿಗೆ ಓದಲು ಬರುತ್ತದೆಂದು ಹೆತ್ತಮ್ಮನಿಗೂ ಗೊತ್ತಿರಲಿಲ್ಲ. ಅಕ್ಷರಗಳ ಹಲಗೆ ಮುಂದಿಟ್ಟ ಮೇಲೆ ಹುಡುಗ ತೋರಿಸಿದ ಮೊದಲ ವಾಕ್ಯ: "ಅಮ್ಮ, ಮಗು ಥರ ಮಾತಾಡಿಸಬೇಡ." ಅದನ್ನು ಹೇಳುವಾಗ ಅಮ್ಮ ಇವತ್ತೂ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ದಿನಕ್ಕೆ ನಾನೂರರ ಮೇಲೆ ಬೆಡ್‌ಶೀಟ್ ಇಲ್ಲಿ ಮಡಿಕೆಯಾಗುತ್ತವೆ. ಮಡಿಸಲು ಇಬ್ಬರು ಬೇಕು. ಆ ತುದಿಗೆ ಮೇಷ್ಟ್ರು, ಈ ತುದಿಗೆ ಅಕ್ಕ. ಒಡಹುಟ್ಟಿದವರಲ್ಲ, ಲಾಂಡ್ರಿಯಲ್ಲೇ ಕೂದಲು ನರೆತ ಕೆಲಸಗಾರ್ತಿ, ಎಲ್ಲರಿಗೂ ಅಕ್ಕ. "ಮೊದಮೊದಲು ನಾನೇ ಮಧ್ಯೆ ಬಾಯಿ ಹಾಕ್ತಿದ್ದೆ. 'ನೀರು' ಅಂತ ಒತ್ತಿದ್ದೇ ತಡ, ಓಡಿಹೋಗಿ ಕುಡಿಯೋಕೆ ತಂದುಕೊಡ್ತಿದ್ದೆ. ಪಾಪದವನು ಹೇಳೋಕೆ ಹೊರಟಿದ್ದು ನೀರು ಸೋರ್ತಿದೆ ಅಂತ! ಇಡೀ ನೆಲ ಕೆರೆಯಾದ ಮೇಲೆ ನನಗೆ ಬುದ್ಧಿ ಬಂತು," ಎನ್ನುತ್ತಾರೆ ಅಕ್ಕ.

ನಿನ್ನೆ ಅಕ್ಕ ರಜೆಯಲ್ಲಿದ್ದರು. ಹೊಸ ಸೂಪರ್‌ವೈಸರ್ ಟ್ಯಾಬನ್ನು ಲಾಕರಿಗೆ ಹಾಕಿಸಿದರು. ಬಟ್ಟೆಗೆ ಸೋಂಕು ತಗುಲಬಾರದೆಂಬ ನಿಯಮ, ನಿಯಮದಲ್ಲಿ ತಪ್ಪಿಲ್ಲ. ಮೇಷ್ಟ್ರು ಸುಮ್ಮನೆ ಒಳಗೆ ಹೋದರು. ಮಧ್ಯಾಹ್ನ ಇಸ್ತ್ರಿಯ ಬಿಸಿ ರೋಲರ್‌ಗೆ ಮಣಿಕಟ್ಟು ತಾಗಿತು. ಚೀರಿದರು, ಗೋಡೆ ಗುದ್ದಿದರು. 'ಹಠ ಶುರುವಾಯ್ತು' ಎಂದು ಸೂಪರ್‌ವೈಸರ್ ಮೇಷ್ಟ್ರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಸಂಜೆ ಮನೆಯಲ್ಲಿ ಅಮ್ಮ ಅಂಗಿಯ ತೋಳು ಮಡಚಿದಾಗ ಗುಳ್ಳೆ ಎದ್ದಿತ್ತು. ಆಸ್ಪತ್ರೆಯಲ್ಲೇ, ಅಷ್ಟೊಂದು ಡಾಕ್ಟರುಗಳ ಕಾಲಬುಡದಲ್ಲೇ! ಕೇಳಿದವರಿಗೆ ಸಿಟ್ಟು ನೆತ್ತಿಗೇರಬೇಡವೇ? "ನೋವಾದಾಗ ನನ್ನ ಕೈ ನನ್ನ ಮಾತು ಕೇಳಲ್ಲ. ಗಾಯ ತೋರಿಸೋಕೂ ಆಗಲ್ಲ," ಎಂದು ಮೇಷ್ಟ್ರು ಆಮೇಲೆ ಅಮ್ಮನಿಗೆ ಬರೆದು ಹೇಳಿದ್ದಾರೆ.

ಅದಕ್ಕೇ ಇವತ್ತು ಸುತರಾಂ ಕೊಡಲೊಲ್ಲರು. ಒಳಗೆ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ರಾಶಿ ಬಿದ್ದಿದೆ, ಮೇಲಿನಿಂದ ಫೋನಿನ ಮೇಲೆ ಫೋನ್. ಸೂಪರ್‌ವೈಸರ್ ಬೆವರುತ್ತಾ ಟ್ಯಾಬಿನ ಅಂಚು ಹಿಡಿದೆಳೆಯುತ್ತಾರೆ. ಮೇಷ್ಟ್ರು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಹಿಡಿದ ಕೈಯಲ್ಲಿ ಬರೆಯುವುದಾದರೂ ಹೇಗೆ? ಸದ್ದು ಜೋರಾಗುತ್ತದೆ. ಗೇಟಿನ ಕಾವಲುಗಾರ ಎದ್ದು ಬರುತ್ತಾನೆ. ಇನ್ನೊಂದು ಗಳಿಗೆ ಕಳೆದರೆ ಇವರನ್ನು ಹೊತ್ತು ಹೊರಹಾಕುವುದೇ ಸರಿ.

ಅಷ್ಟರಲ್ಲಿ ಅಕ್ಕ ಓಡಿ ಬರುತ್ತಾರೆ.

"ಸದ್ಯ, ಬಂದ್ಯಲ್ಲಮ್ಮ! ನೀನೇ ಹೇಳು, ಏನಂತೆ ಇವನಿಗೆ?" ಎನ್ನುತ್ತಾರೆ ಸೂಪರ್‌ವೈಸರ್.

ಅಕ್ಕನಿಗೆ ಎಲ್ಲ ಗೊತ್ತು, ಅಮ್ಮ ನಿನ್ನೆಯೇ ಫೋನ್ ಮಾಡಿದ್ದಾರೆ. ಹೇಳಿಬಿಟ್ಟರೆ ಇಲ್ಲಿಗೇ ಮುಗಿಯುತ್ತದೆ. ಆದರೂ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಾರೆ.

"ನನ್ನನ್ನೇನು ಕೇಳ್ತೀರಿ ಸಾರ್? ಎದುರಿಗೇ ನಿಂತಿದಾನಲ್ಲ. ಕೈ ಬಿಡಿ, ಅವನೇ ಹೇಳ್ತಾನೆ. ಹೇಳೋ ತನಕ ಮಾತ್ರ ಮಧ್ಯೆ ಬಾಯಿ ಹಾಕ್ಬೇಡಿ."

ಸೂಪರ್‌ವೈಸರ್ ಕೈ ಬಿಡುತ್ತಾರೆ. ಮೇಷ್ಟ್ರು ಟ್ಯಾಬನ್ನು ಒಂದು ಕೈಗೆ ತೆಗೆದುಕೊಳ್ಳುತ್ತಾರೆ. ಒಂದು ಅಕ್ಷರ ಒತ್ತುತ್ತಾರೆ, ಅಳಿಸುತ್ತಾರೆ, ಮತ್ತೆ ಒತ್ತುತ್ತಾರೆ. ಒಳಗೆ ಫೋನ್ ಹೊಡೆದುಕೊಳ್ಳುತ್ತಿದೆ. ಸೂಪರ್‌ವೈಸರ್ ಬಾಯಿ ತೆರೆಯುತ್ತಾರೆ, ಅಕ್ಕ ಕಣ್ಣು ಕೆಕ್ಕರಿಸಿದೊಡನೆ ಬಾಯಿ ಮುಚ್ಚುತ್ತಾರೆ. ಫೋನ್ ನಿಂತು, ಮತ್ತೆ ಶುರುವಾಗುತ್ತದೆ. ಕೊನೆಗೂ ಟ್ಯಾಬ್ ಮಾತಾಡುತ್ತದೆ:

"ನಿನ್ನೆ ಕೈ ಸುಟ್ಟಿತು. ಹೇಳೋಕೆ ಆಗಲಿಲ್ಲ. ನೀವು ನಿಮ್ಮ ಬಾಯಿ ಲಾಕರ್‌ನಲ್ಲಿಟ್ಟು ಬನ್ನಿ. ನಾನೂ ನನ್ನದು ಇಡ್ತೀನಿ."

ಕಾವಲುಗಾರ ಕಿಸಕ್ಕನೆ ನಗುತ್ತಾನೆ. ಅಕ್ಕ "ತೋರಿಸ್ಲಾ ತಮ್ಮಾ?" ಎಂದು ಕೇಳಿ, ಮೇಷ್ಟ್ರು ತಲೆಯಾಡಿಸಿದ ಮೇಲೆ ತೋಳು ಸರಿಸುತ್ತಾರೆ. ಪಟ್ಟಿ ಸುತ್ತಿದ ಮಣಿಕಟ್ಟು ನೋಡಿ ಸೂಪರ್‌ವೈಸರ್ ಮುಖ ಇಳಿದುಹೋಗುತ್ತದೆ. "ನಾನು... ಹಠ ಅಂದ್ಕೊಂಡೆ," ಎನ್ನುತ್ತಾರೆ.

ಸೂಪರ್‌ವೈಸರೇ ಟ್ಯಾಬಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ, ಸೋಂಕು ಕಳೆಯುವ ಔಷಧಿಯಿಂದ ಒರೆಸುತ್ತಾರೆ. ಇಷ್ಟೇ! ಇಷ್ಟಕ್ಕೆ ಒಬ್ಬರ ಅನ್ನ ಹೋಗುವುದರಲ್ಲಿತ್ತು.

ಸೂಪರ್‌ವೈಸರ್ ಹಾಜರಿ ಬರೆಯಲೆಂದು ಪೆನ್ನು ತೆಗೆದು, ಮೇಷ್ಟ್ರ ವಿಷಯ ಕೇಳಲು ಅಭ್ಯಾಸಬಲದಿಂದ ಅಕ್ಕನತ್ತ ತಿರುಗುತ್ತಾರೆ. ಅಕ್ಕ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡು ಮೇಷ್ಟ್ರ ಕಡೆಗೇ ತಿರುಗಿ, "ನೀವು ಇನ್ನೇನಾದ್ರೂ ಹೇಳೋದಿದ್ಯಾ?" ಎಂದು ಕೇಳಿ, ಸುಮ್ಮನೆ ಕಾಯುತ್ತಾರೆ.

ಮೇಷ್ಟ್ರು ಅವಸರವಿಲ್ಲದೆ ಒತ್ತುತ್ತಾರೆ.

"ನಾನು ಟೈಮಿಗೆ ಸರಿಯಾಗಿ ಬಂದಿದ್ದೆ. ಬಾಗಿಲಲ್ಲಿ ನಿಲ್ಲಿಸಿದ್ದು ನೀವು. ತಡ ಅಂತ ಬರೀಬೇಡಿ."