ತಮಿಳಿನಲ್ಲಿ ಹೇಳಿದ ಮಾತು

ಪುಟ್ಟೀ, ಚಿನ್ನೂ, ನಿಮ್ಮ ತಾತ ಕುಡಿತ ಬಿಡಲು ತಮಿಳುನಾಡಿನ ಗಡಿಯ ತಳಿ ಎಂಬ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದರು. ಬಿಪಿ, ಸಕ್ಕರೆ ಕಾಯಿಲೆಯವರ ಸಾಲಿನಲ್ಲೇ ಕೂರಿಸುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಬಾಯಿ ಬಿಡದವರು ಒಳಗೆ ನರ್ಸಮ್ಮನ ಮುಂದೆ ತಮಿಳಿನಲ್ಲಿ ಹೇಳಿಕೊಂಡು ಅಳುತ್ತಿದ್ದರು. ಹೊರಗೆ ಬೆಂಚಿನ ಮೇಲಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಲ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಅವಳತ್ರ ಅಷ್ಟೊಂದ್ ಮಾತು. ನಾನೇನ್ ಕಿವುಡೀನಾ?"

"ಕನ್ನಡದಾಗೆ ಹೇಳಕೋದ್ರೆ ನಮ್ಮವ್ವನ ಮುಂದೆ ಹೇಳ್ದಂಗಾಯ್ತದೆ ಕಣೇ. ನಾಲಿಗೆ ಏಳಕಿಲ್ಲ."

"ನಂಗೂ ತಮಿಳು ಬತ್ತದೆ. ನಂಗೂ ಹಂಗೇ ಹೇಳಿ."

ಅವರು ನಕ್ಕರು. ಆಮೇಲೆ, ಬೆಳಗಾದರೆ ಕೈ ನಡುಗುವ ಭಯವನ್ನೆಲ್ಲ ತಮಿಳಿನಲ್ಲೇ ಹೇಳಿದರು. ಕುಡಿತವನ್ನೂ ಬಿಟ್ಟರು. ಆದರೂ ಅವಳಿಗೇ ಮೊದಲು ಹೇಳಿದರಲ್ಲ ಎಂಬ ಉರಿ ನನಗಿನ್ನೂ ಆರಿಲ್ಲ.

ನಾನು ಬರೆದಿಟ್ಟ ಈ ಹಾಳೆಗಳನ್ನು ಹಳೇ ಪೇಪರಿನವನಿಗೆ ಹಾಕಬೇಡಿ, ನಿಮ್ಮ ಹತ್ತಿರವೇ ಇರಲಿ.