ದಕ್ಷಿಣಕ್ಕೆ ತೆರೆದ ಮೂರು ಕಿಟಕಿ

ಕಳೆದ ವಾರ ಕಾಲೇಜಿನವರು ಮನೆಗೆ ಒಂದು ಬಟ್ಟೆಯ ಸುರುಳಿ ತಂದರು. ಬಿಚ್ಚಿದೊಡನೆ ಕುದಿಸಿದ ಅಂಟು, ಸೀಮೆಸುಣ್ಣದ ಪುಡಿ ಬೆರೆತ ಹಳೆಯ ವಾಸನೆ... ಜಮಖಂಡಿಯ ಹಳೆಯ ನಾಟಕಗೃಹ, ಅದಕ್ಕೆ ಅಂಟಿಕೊಂಡ ಚಿತ್ರಶಾಲೆ ಈಗ ಅವರ ಕೈಯಲ್ಲಿವೆ. ಆ ಕಟ್ಟಡಗಳ ಇತಿಹಾಸ ಅಚ್ಚು ಹಾಕಿಸುತ್ತಾರಂತೆ. ಸಂಸ್ಥಾನದ ಕಾಲದಲ್ಲಿ ಅವುಗಳ ನಕಾಶೆ ಬರೆದವನು ಇನ್ನೂ ಉಸಿರಾಡುತ್ತಿರುವುದರಿಂದ ಆ ಬರಹ ತಿದ್ದುವ ಗೌರವ ನನಗೆ ಬಂದಿದೆ.

ನಮ್ಮ ಡ್ರಾಯಿಂಗ್ ಮಾಸ್ತರರು ಸಣಕಲು ಮನುಷ್ಯ. ಕೋಟಿನ ತೋಳಿಗೆ ಸದಾ ಯಾವುದಾದರೊಂದು ಬಣ್ಣ. ವರ್ಷಗಟ್ಟಲೆ ಖಾಲಿ ಕುದುರೆಲಾಯದಲ್ಲಿ ಕಲಿಸಿದ್ದ ಅವರು ಚಿತ್ರಶಾಲೆಗೆ ಕೇಳಿದ್ದು ಉತ್ತರದ ಕಿಟಕಿಗಳನ್ನಷ್ಟೇ. ಉತ್ತರದ ಬೆಳಕು ದಿನವೆಲ್ಲ ಒಂದೇ ಸಮ ನಿಲ್ಲುತ್ತದೆ. ಚಿತ್ರ ಬರೆಯುವಾಗ ನೆರಳು ಓಡಾಡಬಾರದು.

"ತಮ್ಮಾ, ಬ್ಯಾರೆ ಏನೂ ಕೇಳೂದುಲ್ಲ. ಬೆಳಕೊಂದು ಛಲೋ ಕೊಡು," ಎಂದು ನನಗೆ ಹೇಳಿ, ನಾಟಕಗೃಹಕ್ಕೆ ಕಾಡಿನ ಪರದೆ ಬರೆಯಲು ರಬಕವಿಗೆ ಹೋದರು. ನೇಕಾರರ ಅಂಗಳದಲ್ಲಿ ಬಟ್ಟೆ ಹಾಸಿಕೊಂಡು ಮೂರು ತಿಂಗಳು ಬರೆದರು.

ಇತ್ತ ನಾನು ನಕಾಶೆ ಬರೆದೆ. ಕೊನೆಗೆ ದಿಕ್ಕು ತೋರಿಸುವ ಬಾಣವನ್ನು ರಾಜಯೋಗ್ಯವಾಗಿ ಗರಿ, ಬಳ್ಳಿ ಸಮೇತ ಅಲಂಕರಿಸಿದೆ. ಆ ಭಕ್ತಿಯಲ್ಲಿ ಉತ್ತರ ತೋರಬೇಕಾದ ಮೊನೆ ದಕ್ಷಿಣಕ್ಕೆ ತಿರುಗಿತು. ಗೋಡೆ ಕಟ್ಟುವ ಗೌಂಡಿಗಳು ಸೂರ್ಯನನ್ನು ನಂಬಲಿಲ್ಲ, ಮುದ್ರೆ ಬಿದ್ದ ಕಾಗದವನ್ನು ನಂಬಿದರು.

ಮಾಸ್ತರರು ಮರಳಿದಾಗ ಹೆಂಚು ಹೊದಿಸಿ ಆಗಿತ್ತು. ದಕ್ಷಿಣದ ಮೂರು ಕಿಟಕಿಗಳಿಂದ ಬಿಸಿಲು ನುಗ್ಗುತ್ತಿತ್ತು. ಅವರು ನಕಾಶೆ ಕೇಳಿ ತೆಗೆದುಕೊಂಡು, ಬಾಣದ ಮೇಲೆ ಬೆರಳಿಟ್ಟರು.

"ಬಾಣ ಮಾತ್ರ ಭಾಳ ಚಂದ ಬರದೀಪಾ."

ಸಂಸ್ಥಾನದ ಆಡಳಿತ ನೋಡುತ್ತಿದ್ದ ಕಾರಭಾರಿಗಳು ವಿಚಾರಣೆಗೆ ಕರೆದರು. ನನಗೆ ಮದುವೆಯಾಗಿ ಎರಡು ತಿಂಗಳು. ನೌಕರಿ ಹೋಗುವುದು ಖಚಿತವಿತ್ತು.

"ಕಿಟಕಿ ಈ ಕಡೆ ಯಾಕ ಬಂದಾವ? ಯಾರ ತಪ್ಪಿದು?"

"ನಂದಽ ರೀ," ಎಂದರು ಮಾಸ್ತರರು. "ದಕ್ಷಿಣಕ್ಕ ಇರ್ಲಿ ಅಂತ ನಾನಽ ಹೇಳಿದ್ದೆ."

"ಚಿತ್ರಾ ಬರಿಯೋರಿಗೆ ದಿಕ್ಕೂ ತಿಳಿಯೂದುಲ್ಲೇನ್ರೀ ಮಾಸ್ತರ?"

ಕಚೇರಿ ನಕ್ಕಿತು. ನಾನೂ ನಕ್ಕೆ...

ಕೇಳಿದ್ದೇ ಸಿಕ್ಕಿದೆ ಎಂದು ಕಡತ ಮುಚ್ಚಿತು; ಉತ್ತರದ ಗೋಡೆ ಒಡೆಸಿ ಕಿಟಕಿ ಇಡಿಸುವ ದಾರಿಯೂ ಮುಚ್ಚಿತು. ಮರುದಿನ ಅವರು ಕಾಡಿನ ಪರದೆಯನ್ನು ಮೂರು ತುಂಡು ಮಾಡಿ, ಬಿಸಿಲು ತಡೆಯಲು ಕಿಟಕಿಗಳಿಗೆ ಕಟ್ಟಿದರು. ನಾಟಕಗೃಹದ ಉದ್ಘಾಟನೆಗೆ ಮುಧೋಳದಿಂದ ಎರವಲು ತಂದದ್ದು ಅರಮನೆಯ ಪರದೆ. ಪ್ರಭುಗಳ ಸಮ್ಮುಖದಲ್ಲಿ ಋಷಿಗಳು ಅರಮನೆಯ ತೂಗುದೀಪದ ಕೆಳಗೆ ತಪಸ್ಸು ಮಾಡಿದರು. ಪಕ್ಕದ ಚಿತ್ರಶಾಲೆಯ ಅರೆಗತ್ತಲಲ್ಲಿ ಮಾಸ್ತರರು ಕಲಿಸುತ್ತಲೇ ಹೋದರು. ಸಂಸ್ಥಾನ ವಿಲೀನವಾಗುವ ಮೊದಲೇ ಕಣ್ಣು ಮಂಜಾಗಿ ಊರು ಬಿಟ್ಟರು. ಆಮೇಲೆ ಸುದ್ದಿಯಷ್ಟೇ ಬಂತು...

ಕಾಲೇಜಿನವರ ಬರಹದಲ್ಲಿ ಮಾಸ್ತರರ ಉಲ್ಲೇಖವಿಲ್ಲ. ದಕ್ಷಿಣದ ವಿಶಾಲ ಕಿಟಕಿಗಳು ಸಂಸ್ಥಾನದ ವಾಸ್ತುಕಲೆಯ ವೈಶಿಷ್ಟ್ಯ ಎಂದಿದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, "ನಕಾಶೆ ಬರೆದವನ ತಪ್ಪು" ಎಂದು ಬರೆದು ಸಹಿ ಮಾಡಿದೆ. ಕಾರಭಾರಿಗಳ ಮುಂದೆ ಹೇಳಬೇಕಾಗಿದ್ದ ಮಾತು. ಈಗ ಕೇಳಲು ಕಾರಭಾರಿಗಳೂ ಇಲ್ಲ, ಮಾಸ್ತರರೂ ಇಲ್ಲ.

ಸುರುಳಿಯಲ್ಲಿ ಬಂದ ಪರದೆಯ ತುಂಡು ಮೇಜಿನ ಮೇಲಿದೆ. ಬಿಸಿಲು ತಿಂದು ಕಾಡೆಲ್ಲ ಬೆಳ್ಳಗಾಗಿದೆ. ಕೋಲು ಪೋಣಿಸಿದ್ದ ಮಡಿಕೆಯೊಳಗೆ ಮಾತ್ರ ನಾಲ್ಕಾರು ಎಲೆ ಹಸಿರಾಗಿವೆ.