ಒಡೆದ ಗಾಜಿನ ಕರೆ

ಉಸ್ತಾದರ ಹೆಬ್ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಮೊಬೈಲಿನ ಗಾಜು ಬಿಡಿಸುವ ಬಿಸಿ ತಗಡು, ಅಂಟು ಒರೆಸುವ ಪೆಟ್ರೋಲು ಎರಡೂ ಸೇರಿ ಅವನ್ನು ಹೊಳೆಗಲ್ಲಿನಂತೆ ನುಣುಪು ಮಾಡಿದ್ದವು. ರೇಷನ್ ಅಂಗಡಿಯ ಯಂತ್ರ ಎಷ್ಟು ಒತ್ತಿದರೂ ಅವರನ್ನು ಒಪ್ಪುತ್ತಿರಲಿಲ್ಲ. "ಮಶೀನಿನ ಪ್ರಕಾರ ನಾ ಇನ್ನೂ ಹುಟ್ಟೇ ಇಲ್ಲೋ ತಮ್ಮಾ," ಎಂದು ನಗುತ್ತಿದ್ದರು.

ಬೆಟಗೇರಿಯ ನೇಕಾರರ ಓಣಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ಕಿಟಕಿಯಿಲ್ಲದ ಒಂದು ಮೊಬೈಲ್ ರಿಪೇರಿ ಗೂಡಂಗಡಿ ಅವರದು. ನಾನು ಅಲ್ಲಿನ ಖಾಯಂ ಗಿರಾಕಿ. ನನ್ನ ಕೈಗೆ ಬಂದ ಫೋನು ಆರು ತಿಂಗಳು ಬದುಕಿದರೆ ಓಣಿಯವರು ಪೇಢೆ ಹಂಚಬೇಕು. ಒಂದನ್ನು ಹಿಟ್ಟಿನ ಗಿರಣಿಯ ಬೆಲ್ಟಿಗೆ ಕೊಟ್ಟಿದ್ದೆ. ಇನ್ನೊಂದನ್ನು ಎಮ್ಮೆಯ ಜೊತೆ ಸೆಲ್ಫಿ ತೆಗೆಯಲು ಹೋಗಿ ಎಮ್ಮೆಗೇ ಅರ್ಪಿಸಿದ್ದೆ. "ಈ ಸಲ ಯಾರ ಮ್ಯಾಲೆ ಬಿದ್ದೀಯಪಾ?" ಎಂದು ಕೇಳಿ, ಉಸ್ತಾದರು ಬಿಸ್ಮಿಲ್ಲಾ ಎಂದು ಸ್ಕ್ರೂ ಬಿಚ್ಚುತ್ತಿದ್ದರು. ರಿಪೇರಿಯಾದ ಫೋನನ್ನು ತಾವೇ ಕಿವಿಗೆ ಹಿಡಿದು, ಆ ಕಡೆಯ ದನಿ ಕೇಳಿದ ಮೇಲೆಯೇ ಕೊಡುವುದು ಅವರ ಪದ್ಧತಿ.

ನಾನು ಅಪ್ಪನ ಫೋನಿನ ಮೇಲೆ ಕೂತದ್ದು ಮಾತ್ರ ನಗುವ ಸಂಗತಿಯಲ್ಲ.

ಅಪ್ಪ ಮುಂಡರಗಿ ಕಡೆ ಸರಕಿನ ಆಟೋ ಓಡಿಸುತ್ತಿದ್ದ. ದಿನಾ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ, "ಉಂಡೀಯೇನು?" ಎಂದಷ್ಟೇ ಕೇಳಿ ಇಡುತ್ತಿದ್ದ. ಒಂದು ದಿನ ಅವ್ವ ಯಾವುದೋ ಸಿಟ್ಟಿನಲ್ಲಿ ಮಾತಾಡದೆ ಕಟ್ ಮಾಡಿದಳು. ಸಂಜೆ ಅಪ್ಪನ ಹೆಣ ಬಂತು. ದಾರಿಯಲ್ಲೇ ಎದೆನೋವು.

ಆ ಫೋನಿನ ನಂಬರು ಬಂದ್ ಆಗದಂತೆ ಅವ್ವ ನೋಡಿಕೊಂಡಳು. ನಾನು ಒಂದು ದಿನ ಅದನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಸಾಹುಕಾರನಂತೆ ಕೂತೆ. ಚಟ್ ಎಂದಿತು. ಗಾಜು ಜೇಡರ ಬಲೆಯಾಗಿತ್ತು.

ಮರುದಿನ ಮಧ್ಯಾಹ್ನ ಆ ಫೋನು ಗೋಡೆಯ ಮಾಡದಲ್ಲಿ ಒಂಟಿಯಾಗಿತ್ತು. ಅಡುಗೆಮನೆಯಲ್ಲಿ ಅವ್ವನ ಫೋನು ರಿಂಗಾಯಿತು. ಅದರ ಪರದೆಯ ಮೇಲೆ ಅಪ್ಪನ ಮುಖ. ಅವ್ವ ಎತ್ತಿ ಕಿವಿಗಿಟ್ಟುಕೊಂಡು ಸುಮ್ಮನೆ ನಿಂತಳು. ಆ ಕಡೆಯಿಂದ ಮಾತಿಲ್ಲ. ಹೀಗೆ ಮೂರು ದಿನ, ಅದೇ ಹೊತ್ತಿಗೆ. ನಾನು ಮಹಾ ಧೈರ್ಯಶಾಲಿಯಾದ್ದರಿಂದ ಹಿತ್ತಲಿಗೆ ಓಡಿ ಬಾಗಿಲು ಹಾಕಿಕೊಂಡೆ.

ನಾಲ್ಕನೆಯ ದಿನ ಅವ್ವನಿಗೆ ಹೇಳದೆ ಉಸ್ತಾದರ ಬಳಿ ಒಯ್ದೆ. ಅವರು ತಿರುಗಿಸಿ ನೋಡಿದರು. "ಗಾಜು ಒಡದ್ರ ತಾನೇ ಒತ್ತಿಗೊಳ್ಳತೈತಿ. ಬಿಸಿಲೇರಿದ್ರ ಇನ್ನೂ ಜಾಸ್ತಿ. ಕಡೀಕ ಮಾಡಿದ ನಂಬರಿಗೇ ಹೋಗತೈತಿ."

"ದೆವ್ವ ಅಲ್ಲಲ್ರಿ? ಹಂಗಾರ ಜಲ್ದಿ ಬದಲಿ ಮಾಡ್ರಿ."

"ಬದಲಿ ಮಾಡಿದ್ರ ಕಾಲ್ ನಿಲ್ಲತಾವ. ನಿಮ್ಮವ್ವನ್ನ ಕೇಳೀಯೇನು?"

"ಇಲ್ರಿ."

ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹೋಗಲೇ, ಕರಕೊಂಡು ಬಾ. ಸತ್ತವರ ಫೋನು ಮನಿಯವರ ಮಾತಿಲ್ದ ನಾ ಬಿಚ್ಚಂಗಿಲ್ಲ."

ಅವ್ವ ಬಂದಳು. ಉಸ್ತಾದರು ಎಲ್ಲ ಬಿಡಿಸಿ ಹೇಳಿದರು. ಅವ್ವ ಸೆರಗು ಸರಿಪಡಿಸಿಕೊಂಡು, "ಗಾಜಿನ ಆಟ ಅಂತ ನನಗೂ ಗೊತ್ತೈತ್ರಿ ಅಣ್ಣಾರ. ಆದ್ರ ಅವ್ರಿಗೊಂದು ಮಾತು ಹೇಳೂದು ಉಳದೈತಿ. ಎತ್ತಿದ್ರ ಬಾಯಿ ಕಟ್ಟತೈತಿ," ಎಂದಳು.

"ಕುಂಡ್ರು ತಂಗೀ. ಚಹಾ ಕುಡಿಯೂಣು."

ಅಪ್ಪನ ಫೋನು ಮೇಜಿನ ಮೇಲಿತ್ತು. ಆ ಗೂಡಿಗೆ ಬಿಸಿಲು ಬೀಳುವುದೇ ಇಲ್ಲ. ಉಸ್ತಾದರ ಎರಡೂ ಕೈ ಚಹಾದ ಬಸಿ ಹಿಡಿದಿದ್ದವು, ನನ್ನವು ಬಗಲಲ್ಲಿ. ಒಡೆದ ಗಾಜು ಮೆಲ್ಲಗೆ ಬೆಳಗಿತು. ಅವ್ವನ ಮಡಿಲಲ್ಲಿ ಅವಳ ಫೋನು ರಿಂಗಾಯಿತು.

ಅವ್ವ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತಳು. ತುಟಿ ಅಲುಗುತ್ತಿತ್ತು. ಮಗ್ಗದ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಉಸ್ತಾದರು ಅಪ್ಪನ ಫೋನನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ್ದರು. ಬಸಿಯ ಚಹಾದ ಮೇಲೆ ಕೆನೆಗಟ್ಟಿತು. ಕೊನೆಗೆ ಅವರ ಗಂಟಲಿನಿಂದ "ಹ್ಞೂಂ" ಎಂದು ಒಂದು ದನಿ ಬಂತು. ಅದು ಉಸ್ತಾದರ ದನಿಯಾಗಿರಲಿಲ್ಲ. ಇಪ್ಪತ್ತು ವರ್ಷ ಅಪ್ಪನ ಬಾಯಲ್ಲಿ ಅದೇ "ಹ್ಞೂಂ" ಕೇಳಿ ಬೆಳೆದವನು ನಾನು.

ಅವ್ವ ಕಣ್ಣೊರೆಸಿಕೊಂಡು ಒಳಗೆ ಬಂದಳು. "ಆತ್ರಿ. ಬದಲಿ ಮಾಡ್ರಿ." ಹ್ಞೂಂ ಎಂದವರು ಯಾರೆಂದು ಕೇಳಲಿಲ್ಲ.

ಹೊಸ ಗಾಜು ಬಂದ ಮೇಲೆ ಒಂದು ಕರೆಯೂ ಬರಲಿಲ್ಲ. ನಾನು ಮಾತ್ರ ಉಸ್ತಾದರ ಬೆನ್ನು ಬಿಡಲಿಲ್ಲ. "ಅವ್ವ ಏನಂದ್ಲು ಹೇಳ್ರಿ."

"ಅದು ನಿನಗ ಬಂದ ಕಾಲ್ ಅಲ್ಲಲೇ."

"ನಿಮಗೂ ಅಲ್ಲಲ್ರಿ?"

ಯಾವಾಗಲೂ ನಗುವವರು ಅಂದು ನಗಲಿಲ್ಲ. "ಖರೆ. ಅದಕ್ಕ ನಿಮ್ಮಪ್ಪನ ಸಲುವಾಗಿ ಜ್ವಾಕಿ ಇಟಗೊಂಡೀನಿ."

ಹೋದ ವರ್ಷ ರಂಜಾನಿಗೆ ಮುಂಚೆ ಉಸ್ತಾದರು ತೀರಿಕೊಂಡರು. ಮಣ್ಣು ಕೊಟ್ಟು ಮನೆಗೆ ಬಂದು ಅವ್ವನ ಮುಂದೆ ಅತ್ತುಬಿಟ್ಟೆ. ಅವ್ವ ಅಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಕಡೆ ನೋಡಿದಳು.

"ಇನ್ನ ನಾ ಹೇಳಿದ್ದು ನಿಮ್ಮಪ್ಪಗ ಮುಟ್ಟತೈತಿ," ಎಂದಳು.